ನನ್ನ ಗುರ್ತ ಹತ್ತಲಿಲ್ಲೇನು?

ನವಲಗುಂದದ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸು ಬಂದು ನಿಂತಿತು. ಇಳಿಯುವವರ ನಡುವೆ ಅಂದಾನೆಪ್ಪ ಕಂಡೊಡನೆ ತಾಯವ್ವನ ಎದೆ ಢವಢವ ಹೊಡೆದುಕೊಂಡಿತು.

ಎಷ್ಟು ತಿಂಗಳಾಗಿತ್ತು ಆ ಮುಖ ನೋಡಿ! ಮದುವೆ ನಿಶ್ಚಯವಾದ ಸ್ವಲ್ಪ ದಿನಕ್ಕೇ ಅವನು ಕುಳಿತಿದ್ದ, ಹತ್ತಿ ಹೇರಿದ ಟ್ರ್ಯಾಕ್ಟರ್ ಉರುಳಿಬಿದ್ದಿತ್ತು. ತಲೆಗೆ ಪೆಟ್ಟು. ಹುಬ್ಬಳ್ಳಿ ದವಾಖಾನೆ.

"ಈಗ ಅಗದಿ ಆರಾಮ ಅದಾನ. ಪಾಠಾ ಮಾಡಾಕ ಸಾಲಿಗೂ ಹೊಂಟಾನ," ಎಂದು ಅವನ ತಾಯಿ ದುಂಡವ್ವ ಹೇಳಿ ಕಳಿಸಿದ್ದಳು. "ನಿನ್ನ ನೋಡಬೇಕಂತ. ದವಾಖಾನಿಗೆ ತೋರಿಸ್ಕೊಂಡು ಮುಂಜಾನಿ ಹುಬ್ಬಳ್ಳಿ ಬಸ್ಸಿಗೆ ಬರತಾನ. ಗಿಣಿಹಸಿರು ಸೀರಿ ಉಟಗೊಂಡು ಬಸ್‌ಸ್ಟ್ಯಾಂಡಿಗೆ ಬಾರವಾ."

ಗಿಣಿಹಸಿರು ಸೀರೆ... ನಿಶ್ಚಯದ ದಿನ ಉಟ್ಟದ್ದು. ಅದನ್ನೇ ಬಯಸಿದನಲ್ಲ! ಮುಂಜಾನೆಯ ಚಳಿಗೆ ಹೊದ್ದಿದ್ದ ಶಾಲಿನೊಳಗೇ ತಾಯವ್ವ ನಾಚಿದಳು.

ಅವನು ನೇರ ಅವಳತ್ತಲೇ ಬಂದ. ಅವಳು ನಕ್ಕಳು. ಮಾತು ಮಾತ್ರ ಗಂಟಲಲ್ಲೇ ಉಳಿಯಿತು.

ಅವನ ನೋಟ ಅವಳ ಮುಖದ ಮೇಲೆ ಹರಿದು, ಗೋಡೆಯ ಮೇಲೆ ಹರಿದಂತೆ, ಮುಂದೆ ಹೋಯಿತು. ಅವನೂ ಮುಂದೆ ಹೋದ!

ಜಮಖಾನೆ ಅಂಗಡಿಯ ಮುಂದೆ ಇನ್ನೊಬ್ಬಾಕೆ ನಿಂತಿದ್ದಳು. ಹಸಿರು ಸೀರೆ. ಅಂದಾನೆಪ್ಪ ಹೋದವನೇ ಆಕೆಯ ಕೈ ಹಿಡಿದ.

"ಸಿಟ್ಟಾಗೀಯೇನು? ಯಾಕ ಮಾತಾಡವಲ್ಲಿ?"

ಫಟಾರ್ ಎಂದು ಕಪಾಳಕ್ಕೆ ಬಿತ್ತು.

"ಯಾರೋ ನೀನು? ಕೈ ಬಿಡೋ!"

ಆಕೆ ತಾಲೂಕು ಕಚೇರಿಯ ಬಾಳಕೃಷ್ಣರಾಯರ ಹೆಂಡತಿ ಅನ್ನಪೂರ್ಣಾಬಾಯಿ. ಜನ ಮುತ್ತಿತು. ಯಾರೋ ಕಾಲರ್ ಹಿಡಿದರು, ಯಾರೋ ಬೆನ್ನಿಗೆ ಗುದ್ದಿದರು.

"ಮುಂಜಾನೆದ್ದು ಕುಡದಾನ ನೋಡ್ರಿ!"

"ಇಂವ ಮಾಸ್ತರನಂತ, ಥೂ!"

ತಾಯವ್ವ ನಿಂತಲ್ಲೇ ನಿಂತಳು. 'ಎದುರಿಗೇ ನಿಂತಿದ್ದೆ... ನನ್ನ ಮಾರಿ ನೋಡಿ, ನನ್ನ ದಾಟಿ, ಪರರ ಹೆಂಗಸಿನ ಕೈ ಹಿಡಿದ!' ಪೆಟ್ಟು ತಿನ್ನುತ್ತಿದ್ದವನನ್ನು ಕಂಡು ಒಂದು ಕ್ಷಣ ಕರುಳು ಚುರ್ರೆಂದಿತು. ಮರುಕ್ಷಣ ಮೈಯೆಲ್ಲ ಬೆಂಕಿ. ಒಂದು ಮಾತೂ ಆಡದೆ ತನ್ನೂರು ತಿರ್ಲಾಪುರದ ಬಸ್ಸು ಹತ್ತಿಬಿಟ್ಟಳು.

ಮಗಳ ಮಾತು ಕೇಳಿ ಅಪ್ಪ ಗುಡದಪ್ಪ ಹಲ್ಲು ಕಡಿದ. "ನೌಕರಿ ಬಂತು, ಕಣ್ಣು ನೆತ್ತಿಗೇರಿದ್ವು. ನಾವು ಹತ್ತಿ ಬಿಡಸೂ ಮಂದಿ. ಅಂವಗ ನಮ್ಮ ಗುರ್ತ ಯಾಕ ಹತ್ತತೈತಿ?"

ಅನ್ನಪೂರ್ಣಾಬಾಯಿ ಶಿಕ್ಷಣ ಇಲಾಖೆಗೆ ದೂರು ಕೊಡುತ್ತಾರಂತೆ, ಅಂದಾನೆಪ್ಪನ ಕೆಲಸ ಹೋಗುತ್ತದಂತೆ ಎಂಬ ಸುದ್ದಿಯೂ ಬಂತು.

"ಹೋಗಲಿ!" ಎಂದಳು ತಾಯವ್ವ. ಮುರಿದ ರೊಟ್ಟಿ ಮಾತ್ರ ಕೈಯಲ್ಲೇ ಒಣಗಿತು.

ಮರುದಿನ ಹಸಿರು ಸೀರೆಯನ್ನು ಗಂಟು ಕಟ್ಟಿಕೊಂಡು, ಜೊತೆಗೆ ಹೆಚ್ಚುಕಡಿಮೆ ತನ್ನದೇ ವಯಸ್ಸಿನ ಚಿಕ್ಕವ್ವ ಮರೆವ್ವನನ್ನು ಕರೆದುಕೊಂಡು, ನವಲಗುಂದದ ಅವನ ಮನೆಯಂಗಳಕ್ಕೆ ನುಗ್ಗಿದಳು.

"ದುಂಡವ್ವತ್ತೀ! ನಿನ್ನ ಮಗನ್ನ ಹೊರಗ ಕರಿ!"

"ತಾಯೀ!" ಒಳಗಿನಿಂದ ಕೂಗು ಬಂತು. ತಾಯವ್ವನನ್ನು ಅವನು ಕರೆಯುತ್ತಿದ್ದುದು ಹಾಗೆಯೇ. ಅಂದಾನೆಪ್ಪ ಓಡಿಬಂದ. ಕೆನ್ನೆ ಊದಿತ್ತು, ಕಣ್ಣಿನ ಕೆಳಗೆ ಕಪ್ಪು.

ಓಡಿಬಂದವನು ಗಕ್ಕನೆ ನಿಂತ. ಅಂಗಳದಲ್ಲಿ ಇಬ್ಬರು ಹೆಂಗಸರು. ಅವನ ಕಣ್ಣು ತಾಯವ್ವನಿಂದ ಮರೆವ್ವನಿಗೆ, ಮರೆವ್ವನಿಂದ ತಾಯವ್ವನಿಗೆ ಓಡಾಡಿದವು.

"ಮಾತಾಡು..." ಅವನ ದನಿ ನಡುಗಿತು. "ಇನ್ನೊಮ್ಮೆ ಮಾತಾಡು ತಾಯೀ. ದನಿ ನಿಂದ... ಆದ್ರ ಇಬ್ಬರೊಳಗ ನೀ ಯಾರು? ತಿಳೀವಲ್ದು ನನಗ!"

ಎಸೆಯಲು ಎತ್ತಿದ ಗಂಟು ಹಾಗೇ ಕೆಳಗಿಳಿಯಿತು.

"ನನ್ನ... ನನ್ನ ಗುರ್ತ ಹತ್ತಲಿಲ್ಲೇನು?"

ಅವನು ಆ ದನಿಯತ್ತ ತಿರುಗಿದ. ಕಣ್ಣಲ್ಲಿ ನೀರು ಜಿನುಗಿತು.

"ಕಣ್ಣು ಚಲೋ ಅದಾವ. ಮೂಗು ಕಾಣತೈತಿ, ತುಟಿ ಕಾಣತೈತಿ. ಎಲ್ಲಾ ಕೂಡಿ ಯಾರ ಮಾರಿ ಅನ್ನೂದು ಗೊತ್ತಾಗೂದಿಲ್ಲ. ಮಾರಿ ಗುರ್ತ ಹಿಡಿಯಾಕ ಮೆದುಳಿನಾಗ ಬ್ಯಾರೇನ ಜಾಗಾ ಇರತೈತಂತ. ಡಾಕ್ಟರ್ ಹೇಳಿದ್ರು, ಅಲ್ಲೇ ಪೆಟ್ಟಾಗೈತಿ. ಲೆಕ್ಕಾ, ಪಾಠಾ ಎಲ್ಲಾ ನೆನಪೈತಿ. ನಿಶ್ಚಯದ ದಿನಾ ನೀ ಅಂಜಿ, ನನ್ನ ಹೋಳಿಗಿಗೆ ತುಪ್ಪದ ಬದಲಿ ಎಣ್ಣಿ ಹಾಕಿದ್ದೂ ನೆನಪೈತಿ. ಆದ್ರ ಕನ್ನಡಿ ನೋಡಿದ್ರ... ನನ್ನ ಮಾರೀನ ನನಗ ಯಾರದೋ ಅನಸತೈತಿ ತಾಯೀ."

"ಅಯ್ಯ ಎವ್ವಾ..." ಮರೆವ್ವ ಬಾಯಿಗೆ ಸೆರಗು ಹಿಡಿದಳು.

ಹಸಿರು ಸೀರೆ ಯಾಕೆ ಎಂಬುದು ತಾಯವ್ವನಿಗೆ ಈಗ ಹೊಳೆಯಿತು. ಪ್ರೀತಿಗಲ್ಲ, ಗುರುತಿಗೆ! ತಾನೇ ಶಾಲು ಹೊದ್ದು ಅದನ್ನೂ ಮುಚ್ಚಿದ್ದಳು. ಬಾಗಿಲಲ್ಲಿ ನಿಂತಿದ್ದ ದುಂಡವ್ವನತ್ತ ತಿರುಗಿದಳು.

"ಸೀರಿ ಬಣ್ಣಾ ಹೇಳಿ ಕಳಿಸಿದಿ. ಖರೇ ಮಾತು ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮ್ಮಪ್ಪ ಹೆಣ್ಣು ಕೊಡತಿದ್ನೇನು? ತಲಿಕೆಟ್ಟಂವ ಅಂತ ಸಾಲಿ ಬಿಡಸತಿದ್ರು!"

"ಈಗೇನಾತು? ಹೆಂಗಸರ ಕೈ ಹಿಡಿಯಾಂವ ಅಂತ ಹೆಸರಾತು! ಯಾವುದು ಚಲೋ?" ಮತ್ತೆ ಅವನತ್ತ ಹೊರಳಿದಳು. "ನಿನಗರ ಬಾಯಿ ಇರಲಿಲ್ಲೇನು?"

"ಅಂಜಿದ್ದೆ... ನೀ ಬಿಟ್ಟು ಹೋಗತಿ ಅಂತ."

"ಬಿಡೂದೋ ಇರೂದೋ ಹೇಳಾಕಿ ನಾನು! ನನ್ನ ಬದಲಿ ವಿಚಾರ ಮಾಡಾಕ ನೀವ್ಯಾರು?"

ತಾಯವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನಡಿ. ಆ ಅನ್ನಪೂರ್ಣಾಬಾಯಾರ ಮನಿಗೆ ಹೋಗೂಣು."

ಅನ್ನಪೂರ್ಣಾಬಾಯಿ ಬಾಗಿಲು ತೆರೆದವರೇ ಹಿಂದೆ ಸರಿದರು. ಅಂದಾನೆಪ್ಪ ಅಂಗಳದಲ್ಲೇ ನಿಂತು, ನಡೆದದ್ದನ್ನು ಒಂದೂ ಬಿಡದೆ ಹೇಳಿದ. "ನೀವು ಹೊಡದದ್ದು ತಪ್ಪಲ್ರಿ," ಎಂದು ಕೈಮುಗಿದ.

ಆಕೆ ಹೊಸ್ತಿಲಿನ ತನಕ ಬಂದರು.

"ಖರೇ ಹೇಳ್ತೀನಿ, ಬಸ್‌ಸ್ಟ್ಯಾಂಡಿನ ಕಡೆ ಹೋಗಲಿಕ್ಕೆ ನನಗ ಇನ್ನೂ ಅಂಜಿಕಿ ಬರ್ತದ. ಅದು ಸುಳ್ಳಲ್ಲ," ಎಂದರು. "ದೂರು ಕೊಡೂದಿಲ್ಲ. ಆದ್ರ ಇದನ್ನ ಮುಚ್ಚಿಡಬ್ಯಾಡ್ರಿ ಮಾಸ್ತರ. ಮುಚ್ಚಿಟ್ರ ನಾಳೆ ಇನ್ನೊಬ್ಬಾಕಿ ಹಿಂಗ ಅಂಜತಾಳ."

ಅಂದಾನೆಪ್ಪ ಮುಚ್ಚಿಡಲಿಲ್ಲ. ಹೆಡ್‌ಮಾಸ್ತರರಿಗೆ ಹೇಳಿದ, ಮಕ್ಕಳಿಗೂ ಹೇಳಿದ. ಹೆಡ್‌ಮಾಸ್ತರರು ಅನುಮಾನದಿಂದಲೇ, "ನೋಡೂಣು," ಎಂದರು.

ಗುಡದಪ್ಪ ಮಾತ್ರ ಕರಗಲಿಲ್ಲ. "ತಲಿಗೆ ಪೆಟ್ಟಾದಂವಗ ಮಗಳ್ನ ಕೊಡಾಂಗಿಲ್ಲ!"

"ಕಾಲ ಮುರದಿದ್ರ ಕೊಡತಿದ್ದಿಲ್ಲೇನಪಾ?" ತಾಯವ್ವ ಎದ್ದು ನಿಂತಳು. "ಕಾಲು ಮೈಯಾಗಿಂದು, ಮೆದುಳು ಮೈಯಾಗಿಂದಲ್ಲೇನು? ಅಲ್ಲಿ ಗಾಯಾದ್ರ ಮನಷ್ಯಾನ ಕೆಟ್ಟ ಅಂತೀರಿ! ಅಂವನ ಗುಣಾ ಕೆಟ್ಟಿಲ್ಲ. ಹೋಗಿ ಕಣ್ಣಿಲೆ ನೋಡಿ ಬಾ. ಆಮ್ಯಾಲ ಬ್ಯಾಡ ಅನ್ನು."

ಗುಡದಪ್ಪ ಸಿಟ್ಟಿನಿಂದಲೇ ಹೋದ. ಹೇಳದೆ ಕೇಳದೆ ಶಾಲೆಯ ಬಾಗಿಲಲ್ಲಿ ನಿಂತ. ಒಳಗೆ ಪ್ರತಿ ಮಗುವೂ ಎದ್ದು, ಮೊದಲು ತನ್ನ ಹೆಸರು ಹೇಳಿ, ಆಮೇಲೆ ಲೆಕ್ಕ ಕೇಳುತ್ತಿತ್ತು. ಅಂದಾನೆಪ್ಪ ಬಾಗಿಲತ್ತ ನೋಡಿದ. ಮಾವನ ಗುರುತು ಹತ್ತಲಿಲ್ಲ. ಆದರೂ ಕುರ್ಚಿ ಬಿಟ್ಟು ಎದ್ದ.

"ಬರ್ರಿ ಹಿರ್ಯಾರ, ಬಿಸಲಾಗ ಯಾಕ ನಿಂತೀರಿ? ಇಲ್ಲಿ ಕೂಡ್ರಿ. ನೀರು ಕೊಡ್ಲೇನ್ರಿ?"

ಗುಡದಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಯಾರೆಂದು ತಿಳಿಯದವನಿಗೂ ಇಷ್ಟು ಮರ್ಯಾದೆ ಕೊಡುವವನನ್ನು ತಾನು ಸೊಕ್ಕಿನವ ಎಂದುಬಿಟ್ಟಿದ್ದನಲ್ಲ!

"ನಾನಪಾ... ಗುಡದಪ್ಪ."

"ಮಾವಾರ!" ಅಂದಾನೆಪ್ಪ ಬಗ್ಗಿ ಕಾಲು ಮುಟ್ಟಿದ.

ಸಂಜೆ ಮನೆಗೆ ಬಂದ ಅಪ್ಪ, ಮಗಳ ಮುಖ ನೋಡದೆಯೇ, "ಲಗ್ನದ ತಯಾರಿ ಮಾಡ್ರಿ," ಎಂದಷ್ಟೇ ಹೇಳಿ ಎತ್ತುಗಳಿಗೆ ಮೇವು ಹಾಕಲು ಹೋದ.

ಮದುವೆಗೆ ಮುಂಚೆ ಒಂದು ಇಳಿಹೊತ್ತು. ಹತ್ತಿ ಬಿಡಿಸಿ ಮುಗಿದ ಹೊಲದ ಬದುವಿನಲ್ಲಿ ಇಬ್ಬರೂ ಕುಳಿತಿದ್ದರು.

"ಇನ್ನೊಮ್ಮೆ ವಿಚಾರ ಮಾಡು ತಾಯೀ. ದಿನಾ ಮುಂಜಾನೆ ನಿನ್ನ ಪರಕೀಯೋರನ್ನ ನೋಡಿದಂಗ ನೋಡತೀನಿ."

"ಸಂಕಟಾ ಆಗೂದಿಲ್ಲ ಅಂತ ಸುಳ್ಳ ಹೇಳೂದಿಲ್ಲ. ಸಿಟ್ಟೂ ಬರತೈತಿ." ಅವಳು ಅವನ ಬೆರಳು ಹಿಡಿದು ತನ್ನ ಹುಬ್ಬಿನ ಮೇಲೆ, ಮೂಗಿನ ಮೇಲೆ, ಗದ್ದದ ಮೇಲೆ ಮೆಲ್ಲಗೆ ಆಡಿಸಿದಳು. "ಹೇಳು, ಯಾರ ಮಾರಿ ಇದು?"

"ಗೊತ್ತಿಲ್ಲ..."

"ಮತ್ಯಾಕ ನಗಾಕತ್ತಿ?"

"ನೀ ಬಾಜೂಕ ಕುಂತ್ರ ನನ್ನ ಮೈ ಹಗುರ ಆಕ್ಕೈತಿ. ಬ್ಯಾರೆ ಯಾರ ಬಾಜೂಕ ಕುಂತ್ರೂ ಹಿಂಗ ಆಗೂದಿಲ್ಲ. ಯಾಕಂತ ಡಾಕ್ಟರ್ ಹೇಳಿಲ್ಲ."

ತಾಯವ್ವನ ಕಣ್ಣು ತುಂಬಿ ಬಂದವು.

"ಅವರಿಗೆ ಎಲ್ಲಾ ಎಲ್ಲಿ ಗೊತ್ತಿರತೈತಿ!" ಎಂದು ಅವನ ತೋಳಿಗೆ ಒರಗಿದಳು. "ಸುಮ್ಮ ಕೂಡು. ಹೊತ್ತು ಮುಳಗೂತನಾ ಹಿಂಗ ಇರೂಣು."

"ಹೂಂ... ಇರೂಣು."