ಮೂರನೆಯ ಥರ್ಮೋವೆಲ್

ಅರಸೀಕೆರೆ ಸೀಮೆಯ ಕೈಗಾರಿಕಾ ಚರಿತ್ರೆಯಲ್ಲಿ ಎಂದೂ ಮರೆಯಲಾಗದ ದುರಂತವೊಂದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷಕ್ಕೆ ಘಟಿಸಿತು: ಒಂದು ಗೇಣುದ್ದದ ಉಕ್ಕಿನ ಕೊಳವೆ ಮುರಿಯಿತು.

ಕೊಳವೆಯ ಹೆಸರು ಥರ್ಮೋವೆಲ್. ತೆಂಗಿನಹಾಲಿನ ಕಾರ್ಖಾನೆಯ ಪೈಪಿನಲ್ಲಿ ಹರಿಯುವ ಬಿಸಿ ಹಾಲಿನ ಕಾವು ಅಳೆಯಲು ಒಂದು ನಾಜೂಕಾದ ಸೆನ್ಸರ್ ಇದೆ. ಅದಕ್ಕೆ ಪೆಟ್ಟಾಗದಿರಲೆಂದು ತೊಡಿಸುವ ಒರೆ ಇದು. ತಿಂಗಳೊಳಗೆ ಮುರಿದ ಮೂರನೆಯದು. ಮೂರೂ ಮುರಿದದ್ದು ಬೆಳಗಿನ ಪಾಳಿಯಲ್ಲಿ. ಬೆಳಗಿನ ಪಾಳಿಯ ಆಪರೇಟರ್ ಲಾವಣ್ಯ.

ಮ್ಯಾನೇಜರ್ ಚಿದಂಬರ ಅವರಿಗೆ ಇಷ್ಟು ಸಾಕಾಯಿತು. ಲಾವಣ್ಯಳನ್ನು ಕೆಲಸದಿಂದ ತೆಗೆಯುವ ಆದೇಶ ಟೈಪಾಗಿ, ಫ್ಯಾನಿನ ಗಾಳಿಗೆ ಹಾರದಂತೆ ಹಳೆಯ ಕಬ್ಬಿಣದ ತುಂಡೊಂದರ ಕೆಳಗೆ ಕಾಯುತ್ತಿತ್ತು. ಸಹಿಗೆ ಮುಂಚೆ ಹೊರಗಿನವರೊಬ್ಬರ ವರದಿ ಬೇಕು ಎಂಬುದೊಂದೇ ತೊಡಕು. ಹಾಗಾಗಿ ನಿವೃತ್ತ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಪುಟ್ಟರಾಜು ಗೆಂಡೆಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಎರಡರಲ್ಲೂ ಸೀಟು ಸಿಕ್ಕಿರಲಿಲ್ಲ, ಸಹನೆಯೂ ಉಳಿದಿರಲಿಲ್ಲ.

"ಯಾರು ಮುರಿದಿದ್ದು ಅಂತ ಗೊತ್ತೇ ಇದೆ. ನೀವು ಬರೆದುಕೊಟ್ಟರೆ ಸಾಕು," ಎಂದರು ಚಿದಂಬರ.

"ಗೊತ್ತಿದ್ಮೇಲೆ ನನ್ಯಾಕ್ರೀ ಕರೆಸಿದ್ರಿ?"

ಹಾಲು ಸೋಸುವ ಜಾಲರಿಯಲ್ಲಿ ಸಿಕ್ಕ ಮುರಿದ ಒರೆಯನ್ನು ಪುಟ್ಟರಾಜು ಕಿಟಕಿಯ ಬೆಳಕಿಗೆ ಹಿಡಿದರು.

"ಸುತ್ತಿಗೆ ಏಟು ಬಿದ್ರೆ ಮೊದಲು ಬಗ್ಗಬೇಕು. ಇದು ಬಗ್ಗಿಲ್ಲ. ಪೆಟ್ಟಿನ ಗುರುತೆಲ್ಲಿ?"

"ಒರೆಸಿರ್ತಾಳೆ!"

"ಪೆಟ್ಟನ್ನ ಒರೆಸೋದು ಯಾವ ಬಟ್ಟೇಲಿ ಸಾರ್?"

ಬಾಗಿಲಲ್ಲಿ ನಿಂತಿದ್ದ ಲಾವಣ್ಯಳತ್ತ ತಿರುಗಿದರು. "ನೀನೇನಮ್ಮಾ ಮಾಡ್ತಿದ್ದೆ?"

"ನಾನು ಅದನ್ನ ಮುಟ್ಟೇ ಇಲ್ಲ ಸಾರ್. ಪಂಪಿನ ಸ್ಪೀಡು ನೂರಕ್ಕೆ ಏರಿಸಿದ್ದೆ, ಅಷ್ಟೇ."

"ನೂರಕ್ಕೆ ಯಾಕೆ?"

"ಬೆಳಗಿನ ಪಾಳಿಗೆ ಹಾಗೇ ಆರ್ಡರ್ ಇದೆ. ಮಿಕ್ಕ ಪಾಳಿಗೆಲ್ಲ ಅರವತ್ತು."

ಕಸ ಗುಡಿಸುತ್ತಿದ್ದ ಹನುಮಕ್ಕ ಪೊರಕೆ ನಿಲ್ಲಿಸಿದಳು. "ಅದು ಹಾಡ್ತೈತೆ ಸ್ವಾಮಿ."

"ಯಾವುದು?"

"ಆ ಪೈಪು. ಈ ಯಮ್ಮ ಇದ್ದಾಗ ಮಾತ್ರ ಗುಂಯ್ ಅಂತೈತೆ. ಸಾಹೇಬ್ರಿಗೆ ಹೇಳ್ದೆ. ಕಸ ಗುಡಿಸು ಹೋಗಮ್ಮ ಅಂದ್ರು."

ಪುಟ್ಟರಾಜು ಖರೀದಿ ಫಾರಂ ತರಿಸಿದರು. ಪೈಪಿನ ಅಳತೆ? ಹರಿವಿನ ವೇಗ? ಒರೆಯ ಉದ್ದ? ದಪ್ಪ? ಪ್ರತಿ ಪ್ರಶ್ನೆಯ ಮುಂದೂ ಒಂದೇ ಉತ್ತರ — 'ಸ್ಯಾಂಪಲ್ ಪ್ರಕಾರ'. ಕೆಳಗೆ ಚಿದಂಬರ ಅವರ ದುಂಡು ಸಹಿ.

"ಆ ಸ್ಯಾಂಪಲ್ ಎಲ್ಲಿ?"

"ಎಲ್ಲೋ ಹೋಯ್ತು ಬಿಡಿ. ಅದಕ್ಕೂ ಇದಕ್ಕೂ ಏನು?"

ಪುಟ್ಟರಾಜು ಮೇಜಿನ ಮೇಲಿನ ಕಬ್ಬಿಣದ ತುಂಡನ್ನು ಎತ್ತಿಕೊಂಡರು. ಆದೇಶ ಹಾರಿ ಹನುಮಕ್ಕನ ಕಸದ ಗುಡ್ಡೆಗೆ ಬಿತ್ತು. ಯಾರೂ ಎತ್ತಲಿಲ್ಲ.

"ಇದೇ ತಾನೆ? ಒಳ್ಳೇ ಪೇಪರ್‌ವೇಟು." ತುಂಡಿನ ಮೈಗಂಟಿದ್ದ ಬಿಳಿಯ ಹಕ್ಕಳೆಯನ್ನು ಉಗುರಿನಿಂದ ಕೆರೆದರು. "ಸುಣ್ಣ. ಬೋರ್‌ವೆಲ್ ನೀರಿಂದು. ಹಾಲಿನ ಪೈಪಲ್ಲಿ ಸುಣ್ಣ ಕಟ್ಟುತ್ತಾ? ಇದು ಬಿಸಿನೀರಿನ ಟ್ಯಾಂಕಲ್ಲಿದ್ದ ಒರೆ ಸಾರ್! ಹಳೇಬೀಡು ಕೆರೇಲಿ ಕೋಲು ಊರಿ, ಸುಮ್ಮನೆ ನಿಲ್ಲುತ್ತೆ. ಅದನ್ನೇ ತೂಬಿನ ಬಾಯಿಗೆ ಊರಿ ನೋಡಿ — ಗಡಗಡ ನಡುಗುತ್ತೆ. ಹರಿವು ಎಡಕ್ಕೊಂದು, ಬಲಕ್ಕೊಂದು ಸುಳಿ ಎಬ್ಬಿಸಿ ಅಲ್ಲಾಡಿಸುತ್ತೆ. ವೇಗ ಏರಿದಷ್ಟೂ ಸುಳಿ ಬೇಗ ಬೇಗ. ಸುಳಿಯ ತಾಳಕ್ಕೆ ಒರೆಯ ತಾಳ ಕೂಡಿತೋ — ಬುಡದಲ್ಲಿ ಬಿರುಕು. ಹನುಮಕ್ಕ ಕೇಳಿದ ಹಾಡು ಅದೇ. ಹರಿಯೋ ಹಾಲಿಗೆ ಮೋಟಾಗಿ, ಬುಡ ದಪ್ಪ ಇರೋ ಒರೆ ಬೇಕಿತ್ತು. ನೀವು ಉದ್ದ, ಸಣಕಲು ತರಿಸಿದ್ರಿ. ಮೂರು ಸಲ!"

"ನಾವು ಯಾವಾಗಲೂ ಸ್ಯಾಂಪಲ್ ಕೊಟ್ಟೇ ತರಿಸೋದು ಕಣ್ರೀ..."

"ಅಳತೆ ರವಿಕೆ ಕೊಟ್ಟು ರವಿಕೆ ಹೊಲಿಸೋ ಹಾಗೆ. ಸರಿ. ಆದ್ರೆ ಪಕ್ಕದ ಮನೆಯೋರ ಅಳತೆ ರವಿಕೆ ಕೊಟ್ರೆ?"

ಹನುಮಕ್ಕ ಸೆರಗು ಬಾಯಿಗಿಟ್ಟುಕೊಂಡಳು.

"ಹಾಗಾದರೆ ವರದೀಲಿ ಯಾರ ಹೆಸರು ಬರೀತೀರಿ?" ಚಿದಂಬರ ಅವರ ದನಿ ಇಳಿದಿತ್ತು.

"ನಿಮ್ಮದೇ ಸಾರ್. ಬೇರೆ ಯಾರದ್ದಾದ್ರೂ ಸಿಕ್ಕಿದ್ರೆ ಮೂರೂವರೆ ಬಸ್ಸಿನೊಳಗೆ ಹೇಳಿ."

ಹೊಸ ಒರೆ ಶುಕ್ರವಾರ ಬಂತು. ಫಾರಂ ತುಂಬಿದವಳು ಲಾವಣ್ಯ. ಪಂಪು ನೂರರಲ್ಲೇ ಓಡುತ್ತಿದೆ. ಬೆಳಗಿನ ಪಾಳಿಗೆ ಅವಳೇ ಬರುತ್ತಾಳೆ.