ಕರೆಂಟು ಹೋದಾಗ ಅವ್ವ ಒಬ್ಬಳೇ ಇದ್ದಳು

“ಎಲ್ಲವೂ ಕರೆಂಟಿನಲ್ಲೇ ನಡೆಯಬೇಕು ಅಂತೀರಿ. ಆ ಕರೆಂಟೇ ಹೋದರೆ?”

ಟೊರೊಂಟೊ ಬಳಿಯ ಸ್ಟ್ರೀಟ್ಸ್‌ವಿಲ್‌ನ ಸಭಾಂಗಣದ ಕೊನೆಯ ಸಾಲಿನಿಂದ ಇಂಗ್ಲಿಷಿನಲ್ಲಿ ಬಂದ ಪ್ರಶ್ನೆಗೆ ದೀಪಶ್ರೀ ತಲೆಯೆತ್ತಿದಳು.

ಕಾರು, ಒಲೆ, ಚಳಿಗಾಲದ ಹೀಟರು... ಇಡೀ ದೇಶವನ್ನು ಗ್ಯಾಸು, ಪೆಟ್ರೋಲಿನಿಂದ ಬಿಡಿಸಿ ಶುದ್ಧ ವಿದ್ಯುತ್ತಿಗೆ ತರುವ ಯೋಜನೆಯ ಕರಡು ಬರೆಯುತ್ತಿದ್ದ ತಂಡದಲ್ಲಿ ಧಾರವಾಡದ ಈ ಹುಡುಗಿಯೂ ಒಬ್ಬಳು. ಅಂದು ಜನರ ಅಭಿಪ್ರಾಯ ಕೇಳಲು ಬಂದಿದ್ದಳು.

“ಇಲ್ಲಿ ಕರೆಂಟು ಹೋಗುವುದು ತುಂಬಾ ಅಪರೂಪ, ಸರ್,” ಎಂದು ನಕ್ಕಳು.

“ನಮ್ಮವ್ವ ಆ ಅಪರೂಪದಾಗ ಹೋದ್ಳು!”

ಈ ಮಾತು ಕನ್ನಡದಲ್ಲಿತ್ತು. ಅವಳೊಬ್ಬಳನ್ನು ಬಿಟ್ಟು ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಅವನು ಎದ್ದು ಹೊರನಡೆದ.

ಕೋಟು ಹಾಕಿಕೊಳ್ಳದೆ ದೀಪಶ್ರೀ ಪಾರ್ಕಿಂಗ್ ಲಾಟಿಗೆ ಓಡಿದಳು.

“ಒಂದ್ ನಿಮಿಷ ನಿಲ್ರೀ! ನಾ ಧಾರವಾಡದಾಕಿ. ತಪ್ಪಾತ್ರಿ... ನಾ ನಗಬಾರದಿತ್ತು.”

ಅವನ ಹೆಸರು ನಿಜಗುಣ. ಬೆಳಗಾವಿಯವನು, ಹತ್ತಿರದ ಊರಾದ ವಾನ್‌ನ ಕಾರ್ಖಾನೆಯೊಂದರಲ್ಲಿ ಕೆಲಸ. ತಾಯಿ ರಾಜೇಶ್ವರಿಗೆ ಆಕ್ಸಿಜನ್ ಮೆಷಿನ್ನೇ ಉಸಿರು. ಹಿಂದಿನ ಚಳಿಗಾಲ ಬಿದ್ದಲ್ಲೇ ಹೆಪ್ಪುಗಟ್ಟುವ ಮಳೆಗೆ ತಂತಿಗಳು ಹರಿದು ಬಿದ್ದು ಕರೆಂಟು ಹೋಯಿತು. ಮನೆಯಲ್ಲಿದ್ದ ಸಿಲಿಂಡರೂ ಮುಗಿಯಿತು. ರಸ್ತೆಗಳೆಲ್ಲ ಗಾಜಿನಂತಾಗಿದ್ದವು. ಶಿಫ್ಟಿನಿಂದ ಅವನು ಮನೆ ಮುಟ್ಟುವಷ್ಟರಲ್ಲಿ...

“ನಿಮ್ ಪ್ಲಾನಿಗೆ ನಂದೇನ್ ವಿರೋಧ ಇಲ್ರೀ. ಗ್ಯಾಸ್ ತೆಗಿಸಿ, ಮನಿ ಬೆಚ್ಚಗಿಡಾಕ ಕರೆಂಟಿನ ಹೀಟ್ ಪಂಪ್ ಹಾಕಿಸಿದಾಂವ ನಾನ. ಅವ್ವನಂಥೋರು ನಿಮ್ ಪ್ಲಾನಿನಾಗ ಅದಾರೇನು, ಅಷ್ಟ ಕೇಳಾಕ ಬಂದಿದ್ದೆ.”

ಇರಲಿಲ್ಲ!

ದೀಪಶ್ರೀ ಹೊಸ ಅಧ್ಯಾಯವೊಂದನ್ನು ಬರೆಯಲು ಕುಳಿತಳು. ಮೆಷಿನ್ನಿನಿಂದ ಉಸಿರಾಡುವವರ ಮನೆಗಳಿಗೆ ಮೊದಲು ಬ್ಯಾಟರಿ ಕೊಡಬೇಕು, ಆಮೇಲೆ ಉಳಿದದ್ದು. ಕೇಳಿ ತಿಳಿಯಲೆಂದು ಅವನ ಮನೆಗೆ ಹೋದವಳು, ಕೇಳುವುದೆಲ್ಲ ಮುಗಿದ ಮೇಲೂ ಹೋಗುತ್ತಲೇ ಇದ್ದಳು.

ಒಂದು ಭಾನುವಾರ ನಿಜಗುಣ ತಾಯಿಯ ಕೋಣೆಯ ಬಾಗಿಲು ತೆರೆದ. ತಾಯಿ ತೀರಿಕೊಂಡ ಮೇಲೆ ಅದೇ ಮೊದಲು. ಒಳಗೆ ಕಾಲಿಡಲಾಗದೆ ಹೊಸ್ತಿಲಲ್ಲೇ ಕುಸಿದು ಮಗುವಿನಂತೆ ಅತ್ತ. ದೀಪಶ್ರೀ ಪಕ್ಕದಲ್ಲಿ ಕುಳಿತು ಅವನ ಕೈ ಹಿಡಿದಳು. ‘ಈ ಕೈ ಬಿಡಾಕ ನನಗಿನ್ನ ಆಗೂದಿಲ್ಲ...’ ಎಂದಿತು ಅವಳ ಮನಸ್ಸು.

ಆದರೆ ಯೋಜನೆ ಪ್ರಕಟವಾದಾಗ ಆ ಅಧ್ಯಾಯವೇ ಇರಲಿಲ್ಲ.

ಅವನ ಫೋನ್ ಬಂತು. “ನಮ್ಮವ್ವನ ಸಾವು ನಿಮಗ ಮೀಟಿಂಗಿನಾಗ ತೋರ್ಸೂ ಬರೇ ಒಂದ್ ಸ್ಲೈಡ್ ಆತೇನು?”

‘ಮುಂದಿನ ಹಂತದಲ್ಲಿ ನೋಡೋಣ’ ಎಂದು ಮೇಲಿನವರು ಅದನ್ನು ತೆಗೆದಿದ್ದರು. ಅವಳು ಜಗಳವಾಡಿದ್ದಳು, ಬೇಡಿಕೊಂಡಿದ್ದಳು. ಆದರೂ ಉಳಿಸಿಕೊಳ್ಳಲಾಗದವಳಿಗೆ ಸಮರ್ಥನೆ ಯಾಕೆ? ಅವಳು ಸುಮ್ಮನಿದ್ದಳು.

ಆ ಮೌನವನ್ನೇ ಅವನು ಉತ್ತರವೆಂದುಕೊಂಡ. ಫೋನ್ ಕಟ್ಟಾಯಿತು.

ಹಿಮ ಕರಗಿ ವಸಂತ ಬಂದರೂ ಅವನ ಕರೆ ಬರಲಿಲ್ಲ.

ಟೊರೊಂಟೊದಲ್ಲಿ ನಡೆದ ಕೊನೆಯ ಸಭೆಯಲ್ಲಿ ಯೋಜನೆಯನ್ನು ಹೊಗಳುವ ಪಾಳಿ ದೀಪಶ್ರೀಯದಾಗಿತ್ತು. ಅವಳು ಹೊಗಳಲಿಲ್ಲ.

“ಈ ಯೋಜನೆ ದೇಶಕ್ಕೆ ಬೇಕು. ಆದರೆ ಕರೆಂಟು ಹೋದರೆ ಉಸಿರು ನಿಲ್ಲುವವರನ್ನು ಮುಂದಿನ ಹಂತಕ್ಕೆ ಬಿಟ್ಟಿದ್ದೇವೆ. ಆ ಹಂತ ಬರುವವರೆಗೆ ಅವರು ಇರುತ್ತಾರೆಯೇ?” ಎಂದು ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದಳು.

ಯೋಜನೆ ಇದ್ದಂತೆಯೇ ಪಾಸಾಯಿತು. ಅವಳನ್ನು ತಂಡದಿಂದ ತೆಗೆದರು.

ನಡೆದದ್ದನ್ನೆಲ್ಲ ಅವಳ ಸಹೋದ್ಯೋಗಿ ಸೌಮ್ಯಾ ನಿಜಗುಣನಿಗೆ ತಿಳಿಸಿದಳು. ಮರುದಿನ ಸಂಜೆ ದೀಪಶ್ರೀ ತಾನಿರುವ ಓಕ್‌ವಿಲ್‌ನಲ್ಲಿ ಟ್ರೇನಿಳಿದಾಗ ಪ್ಲಾಟ್‌ಫಾರ್ಮಿನಲ್ಲಿ ಅವನು ನಿಂತಿದ್ದ.

“ಯಾಕ ಹೇಳ್ಲಿಲ್ಲ ನೀ?”

“ಹೇಳಿದ್ರ ಆ ಅಧ್ಯಾಯ ವಾಪಸ್ ಬರ್ತಿತ್ತೇನು?”

“ನಾ ಬರ್ತಿದ್ನಲ್ಲ...”

“ಸೋತೆ, ನಿಜಗುಣ. ಅವ್ವನಂಥಾ ಒಬ್ರಿಗೂ ಏನೂ ಮಾಡಾಕ ಆಗ್ಲಿಲ್ಲ.”

“ಅವ್ವ ಹೋದಾಗಿಂದ ಅಂಥೋರ ಮಾತು ನಾ ಒಬ್ನ ಹೇಳ್ಕೋತ ತಿರುಗ್ತಿದ್ದೆ. ಮೊನ್ನೆ ಎಲ್ಲಾರ ಮುಂದ ನೀ ಹೇಳಿದಿ.” ಅವನು ಅವಳ ಕೈ ಹಿಡಿದ. “ನಿನ್ನ ಮ್ಯಾಲ ಸಂಶಯ ಪಟ್ಟೆ... ಕ್ಷಮಿಸ್ತೀ ಏನು? ನನ್ ಜೋಡಿ ಇರ್ತೀ ಏನು, ದೀಪಾ?”

“ಇರ್ತೀನಿ.” ಕಣ್ಣೀರು ಇಳಿಯುತ್ತಲೇ ಇತ್ತು. “ಆದ್ರ ಈಗ ಸ್ವಲ್ಪ ಅಳಬೇಕಾಗೈತಿ... ಅಲ್ಲಿತನಕ ನಿಲ್ತೀರೇನು?”

“ಅಳು. ನಾ ಇಲ್ಲೇ ಅದೀನಿ.”