ಹಸಿರು ಗುರುತು

ಸೋಮವಾರ ಬೆಳಿಗ್ಗೆ ಮಸ್ಕಿ ಠಾಣೆಗೆ ಬಂದ ಸಂಗಮ್ಮ ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ದಿನ ಕಾಲುವೆ ಕೆಲಸಕ್ಕೆ ಹೋಗಿದ್ದ ಅವಳ ಗಂಡ, ಗ್ಯಾಂಗ್‌ಮನ್ ಕರಿಬಸಪ್ಪನ ಶವ ಕೆಳಗಿನ ಜಾಲರಿಗೆ ಸಿಕ್ಕಿಕೊಂಡಿತ್ತು.

"ಮಸ್ತಾನಸಾಬ ಗೇಟ್ ತಗದಾನ್ರೀ. ನನ್ನ ಗಂಡ ಇನ್ನಾ ಮೋರ್ಯಾಗ ಇದ್ದ. ಬರಕೋರಿ."

ಪಿಎಸ್‌ಐ ಲಕ್ಷ್ಮಿದೇವಿ ಎಫ್‌ಐಆರ್ ದಾಖಲಿಸಿ ಗೇಟ್‌ಮನ್ ಮಸ್ತಾನಸಾಬನನ್ನು ಕರೆಸಿದರು.

ಆ ಭಾಗದ ಕಾಲುವೆಗಳ ನಿರ್ವಹಣೆ ಒಂದು ದೊಡ್ಡ ಖಾಸಗಿ ಕಂಪನಿಯ ಗುತ್ತಿಗೆಯಲ್ಲಿತ್ತು. ಮೊದಲು, ಹೂಳೆತ್ತಲು ಮೋರಿಗೆ ಇಳಿದವನು ಮೇಲೆ ಬಂದು ಕಾಗದದ ನಮೂನೆಗೆ ಹೆಬ್ಬೆಟ್ಟು ಒತ್ತಿದ ಮೇಲೆಯೇ ನೀರು ಬಿಡಲು ಗೇಟ್ ತೆರೆಯುತ್ತಿದ್ದರು. ಯುಗಾದಿಯ ನಂತರ ಕಾಗದ ಹೋಗಿ ಆ್ಯಪ್ ಬಂದಿತ್ತು. ಇಳಿಯುವವನು ತನ್ನ ಮೊಬೈಲಿನಲ್ಲಿ 'ಇಳಿದೆ' ಎಂದು ಒತ್ತಿದರೆ ಗೇಟ್‌ಮನ್‌ನ ಮೊಬೈಲಿನಲ್ಲಿ ಕೆಂಪು ಗುರುತು, ಮೇಲೆ ಬಂದು 'ಹೊರಗೆ ಬಂದೆ' ಎಂದು ಒತ್ತಿದರೆ ಹಸಿರು ಗುರುತು ಮೂಡುತ್ತಿತ್ತು.

"ಕೂಗಿ ನೋಡಲಿಲ್ಲೇನು?" ಲಕ್ಷ್ಮಿದೇವಿ ಮಸ್ತಾನಸಾಬನನ್ನು ಕೇಳಿದರು.

"ಗೇಟಿನಿಂದ ಮೋರಿ ಕಾಣಂಗಿಲ್ರೀ ಮೇಡಂ. ಮೊದ್ಲಾದ್ರ ಹೆಬ್ಬೆಟ್ಟು ಒತ್ತಾಕ ಅಂವನೇ ಬರ್ತಿದ್ದ. ಈಗ ಹಸಿರು ಬಂದ್ರ ತಗೀಬೇಕು, ತಡ ಆದ್ರ ಆಫೀಸಿನವ್ರು ಬೈತಾರ."

"ಹಸಿರು ನೀನೇ ಮಾಡಿದ್ಯೇನು?"

"ನನ್ನ ಫೋನ್ಯಾಗ ಆ ಬಟನ್ನೇ ಇಲ್ರೀ. ಅಲ್ಲಾನ ಆಣಿ."

ಹೊರಗೆ ಕರಿಬಸಪ್ಪನ ಬಳಗ ಸೇರಿತ್ತು. "ಇನ್ನಾ ಒಳಗ ಹಾಕಿಲ್ಲೇನ್ರೀ? ಚಾ ಕುಡಸಾಕತ್ತೀರೇನು?" ಎಂದು ಒಬ್ಬ ಕೂಗಿದ. "ಹೊರಗ ಬಿಡ್ರಿ, ನಾವು ನೋಡ್ಕೋತೀವಿ," ಎಂದು ಇನ್ನೊಬ್ಬ ಮೆಲ್ಲಗೆ ಹೇಳಿದ. ಲಕ್ಷ್ಮಿದೇವಿಗೆ ಎರಡನೆಯ ದನಿಯೇ ಹೆಚ್ಚು ಭಯ ಹುಟ್ಟಿಸಿತು. ಮಸ್ತಾನಸಾಬನನ್ನು ಠಾಣೆಯಲ್ಲೇ ಉಳಿಸಿಕೊಂಡರು.

ಮಧ್ಯಾಹ್ನ ಪಂಚರ ಎದುರು ಸ್ಥಳ ಪಂಚನಾಮೆ ನಡೆಯಿತು. ದಂಡೆಯ ಜಾಲಿ ಮರದ ಕೆಳಗೆ ಕಾನ್‌ಸ್ಟೇಬಲ್ ನಿಯಾಜ್‌ಗೆ ಒಂದು ರೊಟ್ಟಿ ಗಂಟು ಸಿಕ್ಕಿತು. ಅದರೊಳಗೆ ಕರಿಬಸಪ್ಪನ ಮೊಬೈಲ್, ಸ್ವಿಚ್ ಆಫ್ ಆಗಿತ್ತು.

"ನೀರಿಗೆ ಇಳಿಯೋರು ಯಾರೂ ಫೋನ್ ಒಯ್ಯಂಗಿಲ್ಲ ಮೇಡಂ. ಬಂದ್ ಮಾಡಿ ಬುತ್ತ್ಯಾಗ ಇಡ್ತಾರ. ನಮ್ಮಣ್ಣನೂ ಗ್ಯಾಂಗ್‌ಮನ್, ಅಂವನೂ ಹಂಗೇ," ಎಂದ ನಿಯಾಜ್.

ಕರಿಬಸಪ್ಪನೇ ಸಂಜೆ ನಾಲ್ಕಕ್ಕೆ ಬಟನ್ ಒತ್ತಿದ್ದಾನೆ, ಮತ್ತೆ ಯಾಕೆ ಇಳಿದನೋ ಗೊತ್ತಿಲ್ಲ ಎಂದು ಕಂಪನಿ ಬರೆದುಕೊಟ್ಟಿತ್ತು. ಮೊಬೈಲ್ ಸೇವೆಯವರ ದಾಖಲೆ ಬುಧವಾರ ಬಂತು. ಮಧ್ಯಾಹ್ನ ಒಂದರಿಂದಲೇ ಆ ಫೋನ್ ಬಂದ್ ಇತ್ತು.

ಅಂದೇ ಲಕ್ಷ್ಮಿದೇವಿ ಕಂಪನಿಯ ಲಿಂಗಸುಗೂರು ಕಚೇರಿಗೆ ಹೋದರು. ಆ್ಯಪ್ ಕಟ್ಟಿದ್ದು ಭಾಗ್ಯಶ್ರೀ, ಮುದಗಲ್ ಕಡೆಯ ಎಂಜಿನಿಯರ್.

"ಬಂದಾದ ಫೋನ್ಯಾಗ ಬಟನ್ ಒತ್ತಿದವ್ರು ಯಾರು?"

ಭಾಗ್ಯಶ್ರೀ ನೀರಿನ ಬಾಟಲಿಯ ಮುಚ್ಚಳ ತೆರೆದು, ಕುಡಿಯದೆ ಮತ್ತೆ ಮುಚ್ಚಿದಳು.

"ಯಾರೂ ಒತ್ತಿಲ್ರೀ. ಇಳಿದು ಮೂರು ತಾಸಾದ್ರ ತಾನೇ ಹಸಿರು ಆಗೋಹಂಗ ಮಾಡೀನಿ. ಇಳಿದವ್ರ ಹೆಸರಲೇ ದಾಖಲಾಗ್ತದ."

"ಇದೊಂದು ಗೇಟಿಗೇನು?"

"ಎಲ್ಲಾ ಗೇಟಿಗೂ."

"ಇವತ್ತು ಎಲ್ಲೆಲ್ಲಿ ಇಳದಾರ?"

ಅವಳು ಕಂಪ್ಯೂಟರ್ ಪರದೆಯನ್ನು ಅವರ ಕಡೆ ತಿರುಗಿಸಿದಳು. ಕೆಂಪು ಸಾಲುಗಳ ನಡುವೆ, ಅವರು ನೋಡುತ್ತಿದ್ದಂತೆಯೇ, ದಢೇಸುಗೂರಿನ ಸಾಲು ಹಸಿರಾಯಿತು.

ಲಕ್ಷ್ಮಿದೇವಿ ಆ ಸಾಲಿನಲ್ಲಿದ್ದ ನಂಬರ್ ನೋಡಿ ಅಲ್ಲಿನ ಗೇಟ್‌ಮನ್ ಹಸನ್‌ಸಾಬನಿಗೆ ಕರೆ ಮಾಡಿದರು. ಬಹಳ ಹೊತ್ತು ರಿಂಗಾಯಿತು. ಕೊನೆಗೆ ಕಬ್ಬಿಣದ ಚಕ್ರ ಕಿರುಗುಟ್ಟುವ ಸದ್ದಿನ ನಡುವೆ ದನಿ ಬಂತು: "ತಗ್ಯಾಕತ್ತೀನ್ರೀ ಸಾಹೇಬ್ರ, ಬೈಬ್ಯಾಡ್ರಿ!"

"ಪೊಲೀಸ್ ಮಾತಾಡೋದು. ಬಂದ್ ಮಾಡು! ಮೊದ್ಲು ಮೋರಿಗೆ ಹೋಗಿ ನೋಡು!"

ಚಕ್ರದ ಸದ್ದು ನಿಂತು, ಗೇಟ್ ಮುಚ್ಚಲು ಮತ್ತೆ ಶುರುವಾಯಿತು. ಆಮೇಲೆ ಓಡುವ ಹೆಜ್ಜೆಗಳು, ಕೂಗು. ಎದೆಮಟ್ಟ ನೀರಿನಿಂದ ಇಬ್ಬರು ಜೀವಂತ ಮೇಲೆ ಬಂದರು.

ಉಳಿದ ಗೇಟುಗಳಿಗೂ ಕರೆ ಹೋದ ಮೇಲೆ ಭಾಗ್ಯಶ್ರೀಯನ್ನು ಬಂಧಿಸಲಾಯಿತು. ಸಂಜೆ ಮಸ್ತಾನಸಾಬನನ್ನು ಪೊಲೀಸ್ ಜೀಪಿನಲ್ಲೇ ಮನೆಗೆ ಬಿಟ್ಟುಬಂದರು.

ಹೇಳಿಕೆಯಲ್ಲಿ ಭಾಗ್ಯಶ್ರೀ ಏನನ್ನೂ ಮುಚ್ಚಿಡಲಿಲ್ಲ. ಗ್ಯಾಂಗ್‌ಮನ್‌ಗಳು 'ಹೊರಗೆ ಬಂದೆ' ಬಟನ್ ಒತ್ತುತ್ತಲೇ ಇರಲಿಲ್ಲ. ಸಿಂಧನೂರಿನಲ್ಲಿ ನಡೆದ ಕಂಪನಿಯ ಸಭೆಯಲ್ಲಿ ಗೋಡೆಯ ಪರದೆ ತುಂಬ ಕೆಂಪು. "ಈಕಿ ಆ್ಯಪಿಗಿಂತ ಕಾಗದಾನೇ ಛಲೋ ಇತ್ತಲ್ರೀ," ಎಂದು ಮ್ಯಾನೇಜರ್ ಅಂದಾಗ ಎಲ್ಲರೂ ನಕ್ಕಿದ್ದರು. ಮುಂದಿನ ಸಭೆಯ ಹೊತ್ತಿಗೆ ಪರದೆ ಹಸಿರಾಗಿತ್ತು, ಚಪ್ಪಾಳೆ ತಟ್ಟಿದ್ದರು.

"ಕರಿಬಸಪ್ಪ ಸತ್ತಿದ್ದು ಸೋಮವಾರಾನೇ ಗೊತ್ತಿತ್ತಲ್ಲ. ಆಗರೆ ಆ ಮೂರು ತಾಸಿನ ಲೆಕ್ಕಾ ಆ್ಯಪಿನಿಂದ ಯಾಕ ತಗೀಲಿಲ್ಲ?" ಲಕ್ಷ್ಮಿದೇವಿ ಕೇಳಿದರು.

ಅವಳು ನೆಲ ನೋಡುತ್ತ ಹೇಳಿದಳು: "ತಗದ್ರ ಮತ್ತ ಎಲ್ಲಾ ಕೆಂಪಾಗ್ತಿತ್ರೀ ಮೇಡಂ."